ವರ್ಣತಂತುವಿನಿಂದ ಕಾಡಿನವರೆಗೆ

(ಬಾನುಲಿ ಭಾಷಣ)

ನಮ್ಮ ಮನೆಯ ಹಳೆಯ ಕಪಾಟಿನಲ್ಲಿ, ಒಣಗಿಸಿದ ಗಿಡಗಳನ್ನು ಅಂಟಿಸಿಟ್ಟ ಹಾಳೆಗಳ ಒಂದು ಕಟ್ಟು ಇದೆ. ಅದರಲ್ಲಿಯ ಒಂದು ಹಾಳೆಯನ್ನು ನಾನು ಆಗಾಗ ಹೊರಗೆ ತೆಗೆದು ನೋಡುವುದುಂಟು. ಗೇಣುದ್ದದ, ಬೂದು ಬಣ್ಣದ ಸಣ್ಣ ಎಲೆಗಳ, ನೋಡಲು ಅಂಥ ಚೆಲುವೇನೂ ಇಲ್ಲದ ಗಿಡ ಅದು. ಕೆಳಗಿನ ಚೀಟಿಯಲ್ಲಿ ನನ್ನದೇ ಕೈಬರಹ: ಕ್ರೆಸ್ಸಾ ಕ್ರೆಟಿಕಾ, ಸ್ಥಳ, ಕೃಷ್ಣಾ ನದಿಯ ದಂಡೆ, ಅಥಣಿ ತಾಲ್ಲೂಕು, ಏಪ್ರಿಲ್ 1986. ಕಾಗವಾಡ ಆಗ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. ಸ್ಥಳವೆಂದು ನಾನು ಬರೆದದ್ದು ಬೇರೆ ಯಾರದೋ ಹೊಲವಲ್ಲ. ನಮ್ಮ ಹಿರಿಯರಿಂದ ಬಂದ, ಆಗ ನನ್ನ ಅಣ್ಣ ಕಬ್ಬು ಬೆಳೆಯುತ್ತಿದ್ದ ಎರೆಹೊಲ.

ನಾನು ಮೊಣಕಾಲೂರಿ ಆ ಗಿಡವನ್ನು ಬೇರುಸಹಿತ ಬಿಡಿಸಿಕೊಳ್ಳುತ್ತಿದ್ದಾಗ ಅಣ್ಣ ಬದುವಿನ ಮೇಲೆ ನಿಂತು ನೋಡುತ್ತಿದ್ದ. “ಏನ ಸಿಕ್ತೋ ತಮ್ಮಾ, ಅಷ್ಟ ಖುಷಿ ಆಗೀದಿ?” ಎಂದು ಕೇಳಿದ. ಅದರ ಲ್ಯಾಟಿನ್ ಹೆಸರನ್ನೂ ಕುಟುಂಬವನ್ನೂ ನಾನು ಉತ್ಸಾಹದಿಂದ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೆಸರ ಗೊತ್ತಾತು. ಹೋದ ವರ್ಷ ಇಲ್ಲದ್ದು ಈ ವರ್ಷ ಯಾಕ ಬಂತು? ಅದನ್ನ ಹೇಳು” ಎಂದ.

ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ನನ್ನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಇಲ್ಲ ಎಂಬುದೂ ಆಗ ನನಗೆ ಹೊಳೆಯಲಿಲ್ಲ. ಹೆಸರು ಹೇಳಿದರೆ ಕೆಲಸ ಮುಗಿಯಿತೆಂದೇ ನಾನು ತಿಳಿದಿದ್ದೆ.

ಹೆಸರು ಹಿಡಿಯುವ ವಿದ್ಯೆಯನ್ನು ನಾನು ಹಗುರಾಗಿ ಕಾಣುತ್ತಿಲ್ಲ. ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1901ರಿಂದ 1908ರ ನಡುವೆ, ಥಿಯೋಡೋರ್ ಕುಕ್ ಆ ಪ್ರಾಂತದ ಸಸ್ಯಸಂಪತ್ತಿನ ಗ್ರಂಥವನ್ನು ಪ್ರಕಟಿಸಿದರು. ನಮ್ಮ ಕಡೆಯ ಗಿಡಮರಗಳ ಮಾತು ಬಂದಾಗ ಪಂಡಿತರು ಇಂದಿಗೂ ಆ ಗ್ರಂಥವನ್ನು ತೆರೆಯುತ್ತಾರೆ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿದ ಕನ್ನಡಿಗರಿಗೆ, ಗಿಡವೊಂದರ ಗುರುತು ಹಿಡಿಯುವುದರಲ್ಲಿ ಎಂಥ ರಸವಿದೆಯೆಂದು ಬೇರೆ ಹೇಳಬೇಕಾಗಿಲ್ಲ. ಹೆಸರಿಲ್ಲದೆ ಶಾಸ್ತ್ರವೇ ಇಲ್ಲ. ಆದರೆ ಹೆಸರಿನ ಆಚೆಗೂ ಒಂದು ದಾರಿ ಇದೆ. ಆ ದಾರಿಯಲ್ಲಿ ಬಹುದೂರ ನಡೆದ ಒಬ್ಬ ಸಸ್ಯಶಾಸ್ತ್ರಜ್ಞರ ವಿದ್ವಜ್ಜೀವನವನ್ನು ಮುಂದಿಟ್ಟುಕೊಂಡು, ಪರಿಸರ ವಿಜ್ಞಾನವೆಂದರೇನು, ಸಂಕೀರ್ಣ ವ್ಯವಸ್ಥೆಯೆಂದರೇನು ಎಂಬುದನ್ನು ವಿವರಿಸಲು ಇಲ್ಲಿ ಯತ್ನಿಸುತ್ತೇನೆ.

ಕಮಲ್‌ಜಿತ್ ಬಾವಾ ಅವರು 1939ರಲ್ಲಿ ಪಂಜಾಬಿನಲ್ಲಿ ಹುಟ್ಟಿದವರು. ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರವನ್ನು ಅಭ್ಯಸಿಸಿ 1967ರಲ್ಲಿ ಡಾಕ್ಟರೇಟ್ ಪಡೆದರು. ಅವರ ಮೊದಲ ಕೆಲಸವೆಲ್ಲ ಸೂಕ್ಷ್ಮದರ್ಶಕದ ಕೆಳಗಿನದು. ಪ್ರಾಧ್ಯಾಪಕ ಪಿ.ಎನ್. ಮೆಹ್ರಾ ಅವರೊಡನೆ ಮರಗಳ ಜೀವಕೋಶಗಳಲ್ಲಿಯ ವರ್ಣತಂತುಗಳನ್ನು ಎಣಿಸಿ, ವೃಕ್ಷಜಾತಿಗಳು ವಿಕಾಸಗೊಂಡ ಬಗೆಯನ್ನು ಊಹಿಸುವ ಅಧ್ಯಯನ ಅದು. 1969ರಲ್ಲಿ ‘ಎವಲ್ಯೂಷನ್’ ಎಂಬ ಹೆಸರಾಂತ ಪತ್ರಿಕೆಯಲ್ಲಿ ಗುರುಶಿಷ್ಯರ ಪ್ರಬಂಧವೊಂದು ಪ್ರಕಟವಾಯಿತು. ಒಬ್ಬ ವಿದ್ವಾಂಸನ ಆಯುಷ್ಯವನ್ನು ತುಂಬಿಸಲು ಆ ವಿಷಯವೊಂದೇ ಸಾಕಾಗಿತ್ತು.

ಆದರೆ ಅಮೆರಿಕೆಗೆ ಹೋದ ಮೇಲೆ ಅವರ ಕೆಲಸ ಪ್ರಯೋಗಾಲಯದಿಂದ ಕಾಡಿಗೆ ಇಳಿಯಿತು. ಮಧ್ಯ ಅಮೆರಿಕೆಯ ಕೋಸ್ಟರಿಕಾ ದೇಶದ ಉಷ್ಣವಲಯದ ಅರಣ್ಯಗಳಲ್ಲಿ ಅವರು ಕೇಳಿದ ಪ್ರಶ್ನೆ ಬಹು ಸರಳವಾದುದು: ಈ ಮರಗಳು ಮಕ್ಕಳನ್ನು ಪಡೆಯುವುದು ಹೇಗೆ? ಉಷ್ಣವಲಯದ ಕಾಡಿನಲ್ಲಿ ಮರಗಳ ಜಾತಿಗಳು ಬಹಳ. ಆದುದರಿಂದ ಒಂದೇ ಜಾತಿಯ ಎರಡು ಮರಗಳು ಒಂದಕ್ಕೊಂದು ದೂರದಲ್ಲಿ ನಿಂತಿರುತ್ತವೆ. ಅಷ್ಟು ದೂರ ಪರಾಗವನ್ನು ಹೊತ್ತು ಒಯ್ಯುವವರು ಯಾರು? ಪ್ರತಿ ಮರವೂ ತನ್ನ ಪರಾಗದಿಂದಲೇ ತಾನು ಕಾಯಿ ಕಟ್ಟಿಕೊಳ್ಳುತ್ತಿರಬೇಕೆಂದು ಅನೇಕರು ನಂಬಿದ್ದರು. ಬಾವಾ ಅವರು ಹೂಗಳಿಗೆ ಚೀಲ ಕಟ್ಟಿ, ಕೆಲವಕ್ಕೆ ಅದೇ ಮರದ ಪರಾಗವನ್ನೂ ಕೆಲವಕ್ಕೆ ಅದೇ ಜಾತಿಯ ಬೇರೊಂದು ಮರದ ಪರಾಗವನ್ನೂ ಸೋಂಕಿಸಿ, ಕಾಯಿಗಳನ್ನು ಎಣಿಸಿದರು. 1974ರಲ್ಲಿ ಪ್ರಕಟವಾದ ಫಲಿತಾಂಶ ಹಳೆಯ ನಂಬಿಕೆಯನ್ನು ತಲೆಕೆಳಗು ಮಾಡಿತು. ಪರೀಕ್ಷಿಸಿದ ಜಾತಿಗಳಲ್ಲಿ ಹೆಚ್ಚಿನವು ತಮ್ಮ ಪರಾಗವನ್ನು ತಾವೇ ಒಪ್ಪುತ್ತಿರಲಿಲ್ಲ. ಅಲ್ಲಿಯ ವೃಕ್ಷಜಾತಿಗಳಲ್ಲಿ ಸುಮಾರು ಐದನೆಯ ಒಂದು ಪಾಲು, ನಮ್ಮ ಹಿತ್ತಲಿನ ಪಪ್ಪಾಯಿಯಂತೆ, ಗಂಡು ಮರ ಬೇರೆ, ಹೆಣ್ಣು ಮರ ಬೇರೆ ಆಗಿರುವಂಥವು.

ಇದರ ಅರ್ಥ ದೊಡ್ಡದು. ಒಂದು ಮರದ ಸಂತತಿ ಆ ಮರದ ಕೈಯಲ್ಲಿಲ್ಲ. ಅದು ದೂರದ ಇನ್ನೊಂದು ಮರವನ್ನು, ನಡುವೆ ಹಾರಾಡುವ ಜೇನು, ಪತಂಗ, ಬಾವಲಿಗಳನ್ನು, ಅವುಗಳಿಗೆ ಆಸರೆಯಾದ ಉಳಿದ ಗಿಡಗಳನ್ನು ಅವಲಂಬಿಸಿದೆ. ಸುತ್ತಲಿನ ಕಾಡನ್ನು ಕಡಿದು ನಡುವೆ ಒಂದೇ ಮರವನ್ನು ಉಳಿಸಿದರೆ ಮರ ಉಳಿದೀತು. ಆದರೆ ಅದರ ಬುಡದಲ್ಲಿ ಸಸಿ ಏಳದೆ ಹೋದೀತು. ಮರವನ್ನು ಮಾತ್ರ ನೋಡುವವನಿಗೆ ಅದು ಹಸುರಾಗಿಯೇ ಕಾಣುತ್ತದೆ. ಕಾಡನ್ನು ನೋಡುವವನಿಗೆ ಅದರ ವಂಶ ಅಲ್ಲಿಗೇ ನಿಂತದ್ದು ಕಾಣುತ್ತದೆ.

ಈ ಬಗೆಯ ನೋಟಕ್ಕೆ ಒಂದು ಹೆಸರು ಕೊಟ್ಟವರೂ ಸಸ್ಯಶಾಸ್ತ್ರಜ್ಞರೇ. ಇಂಗ್ಲೆಂಡಿನ ಆರ್ಥರ್ ಟ್ಯಾನ್ಸ್ಲಿಯವರು 1935ರಲ್ಲಿ ಬರೆದ ಪ್ರಬಂಧದಲ್ಲಿ, ಜೀವಿಗಳನ್ನೂ ಅವು ಬದುಕುವ ಮಣ್ಣು, ನೀರು, ಗಾಳಿಗಳನ್ನೂ ಒಟ್ಟಾಗಿ ಒಂದೇ ವ್ಯವಸ್ಥೆಯೆಂದು ಎಣಿಸಬೇಕೆಂದು ವಾದಿಸಿದರು. ‘ಇಕೋಸಿಸ್ಟಮ್’ ಎಂಬ ಮಾತು ಅಚ್ಚಿನಲ್ಲಿ ಕಾಣಿಸಿಕೊಂಡದ್ದು ಆ ಪ್ರಬಂಧದಲ್ಲಿ. ಈಗ ನಾವು ಅದನ್ನು ಪರಿಸರ ವ್ಯವಸ್ಥೆ ಎನ್ನುತ್ತೇವೆ. ಆಕ್ಸ್‌ಫರ್ಡಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗುವ ಮೊದಲು ಟ್ಯಾನ್ಸ್ಲಿಯವರು ವಿಯೆನ್ನಾಕ್ಕೆ ಹೋಗಿ ಸಿಗ್ಮಂಡ್ ಫ್ರಾಯ್ಡರ ಬಳಿ ಮನೋವಿಶ್ಲೇಷಣೆಯ ಅಭ್ಯಾಸ ಮಾಡಿ ಬಂದಿದ್ದರೆಂಬುದನ್ನು ಕೇಳಿ ಸಾಹಿತ್ಯಾಸಕ್ತರು ಬೆರಗಾದಾರು.

ಸಂಕೀರ್ಣ ವ್ಯವಸ್ಥೆ ಎಂಬ ಮಾತನ್ನು ಇಲ್ಲಿಯೇ ಬಿಡಿಸಿ ಹೇಳುವುದು ಒಳ್ಳೆಯದು. ಗಡಿಯಾರದಲ್ಲಿಯೂ ನೂರು ಭಾಗಗಳಿವೆ. ಆದರೆ ಅದು ಈ ಅರ್ಥದಲ್ಲಿ ಸಂಕೀರ್ಣವಲ್ಲ. ಬಿಚ್ಚಿ, ಒಂದೊಂದೇ ಗಾಲಿಯನ್ನು ಪರೀಕ್ಷಿಸಿ, ಮತ್ತೆ ಜೋಡಿಸಿದರೆ ಅದು ಮೊದಲಿನಂತೆಯೇ ನಡೆಯುತ್ತದೆ. ನಿಪ್ಪಾಣಿಯ ಪೇಟೆಯಲ್ಲಿ ತಂಬಾಕಿಗೆ ದರ ಏಳುವ ಬಗೆ ಬೇರೆ. ರೈತ ವ್ಯಾಪಾರಿಯ ಮುಖ ನೋಡುತ್ತಾನೆ. ವ್ಯಾಪಾರಿ ಇನ್ನೊಬ್ಬ ವ್ಯಾಪಾರಿಯ ಮುಖ ನೋಡುತ್ತಾನೆ. ಈ ವರ್ಷದ ದರವನ್ನು ಕಂಡು ರೈತ ಮುಂದಿನ ವರ್ಷದ ಬಿತ್ತನೆಯನ್ನು ನಿಶ್ಚಯಿಸುತ್ತಾನೆ. ಆ ಬಿತ್ತನೆ ಮತ್ತೆ ದರವನ್ನು ಬದಲಿಸುತ್ತದೆ. ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೂಡಿಸಿ ವಿಚಾರಿಸಿದರೆ ದರದ ಗುಟ್ಟು ಸಿಕ್ಕದು, ಏಕೆಂದರೆ ಅದು ಅವರ ಪರಸ್ಪರ ಸಂಬಂಧದಲ್ಲಿದೆ. ಕಾರ್ಯವು ತಿರುಗಿ ಬಂದು ಕಾರಣವನ್ನೇ ಬದಲಿಸುವ ಇಂಥ ವ್ಯವಸ್ಥೆ ಸಂಕೀರ್ಣವಾದದ್ದು. ಕಾಡು ಅಂಥದು, ಹೊಲವೂ ಅಂಥದೇ.

ಅಮೆರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ತಿಮೊತಿ ಅಲೆನ್ ಅವರು 1982ರಲ್ಲಿ ಥಾಮಸ್ ಸ್ಟಾರ್ ಅವರೊಡನೆ ಈ ವಿಷಯದ ಮೇಲೆ ಒಂದು ಗ್ರಂಥವನ್ನೇ ರಚಿಸಿದರು. ಅವರ ವಿಚಾರಗಳನ್ನು ನಾನು ತಿಳಿದುಕೊಂಡಂತೆ ಹೇಳುವುದಾದರೆ, ಪ್ರಕೃತಿಯಲ್ಲಿ ಹಲವು ಅಂತಸ್ತುಗಳಿವೆ. ಮೇಲಿನವು ನಿಧಾನವಾಗಿಯೂ ಕೆಳಗಿನವು ವೇಗವಾಗಿಯೂ ನಡೆಯುತ್ತವೆ. ನಿಧಾನವಾದದ್ದು ವೇಗವಾದದ್ದಕ್ಕೆ ಮೇರೆ ಹಾಕುತ್ತದೆ. ನಾವು ಯಾವ ಅಂತಸ್ತಿನಲ್ಲಿ ನಿಂತು, ಎಷ್ಟು ಕಾಲ ನೋಡುತ್ತೇವೆ ಎಂಬುದರ ಮೇಲೆ ನಮಗೆ ಕಾಣುವುದು ನಿರ್ಧಾರವಾಗುತ್ತದೆ. ಒಂದು ಅಂತಸ್ತಿನಲ್ಲಿ ಸರಿಯಾದ ಉತ್ತರ ಇನ್ನೊಂದರಲ್ಲಿ ತಪ್ಪಾಗಬಹುದು. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಅದಕ್ಕೆ ನಾನು ತೆತ್ತ ಬೆಲೆಯನ್ನು ಮುಂದೆ ಹೇಳುವವನಿದ್ದೇನೆ.

ಈಗ ಬಾವಾ ಅವರ ಜೀವನದ ಮೂರನೆಯ ಘಟ್ಟಕ್ಕೆ ಬರೋಣ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ 1974ರಿಂದ ಅಧ್ಯಾಪಕರಾಗಿದ್ದ ಅವರನ್ನು 1990ರ ದಶಕದಲ್ಲಿ ಕರ್ನಾಟಕದ ದಕ್ಷಿಣದ ಅಂಚಿನ ಬಿಳಿಗಿರಿರಂಗನ ಬೆಟ್ಟ ತನ್ನತ್ತ ಸೆಳೆಯಿತು. 1996ರಲ್ಲಿ ಬೆಂಗಳೂರಿನಲ್ಲಿ ‘ಏಟ್ರೀ’ ಎಂಬ ಸಂಶೋಧನ ಸಂಸ್ಥೆಯನ್ನು ಅವರು ಸ್ಥಾಪಿಸಿದರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್, ಕೆ.ಎನ್. ಗಣೇಶಯ್ಯ ಮೊದಲಾದವರು ಅವರ ಸಹಸಂಶೋಧಕರಾದರು. ಗಣೇಶಯ್ಯನವರನ್ನು ಕನ್ನಡದ ಓದುಗರು ಕಾದಂಬರಿಕಾರರೆಂದೂ ಬಲ್ಲರು.

ಆ ಬೆಟ್ಟದಲ್ಲಿ ಸೋಲಿಗರು ವಾಸಿಸುತ್ತಾರೆ. ಜೇನು, ನೆಲ್ಲಿಕಾಯಿ, ಕಲ್ಲುಹೂವುಗಳನ್ನು ಸಂಗ್ರಹಿಸಿ ಮಾರುವುದು ಅವರ ಜೀವನದ ಮುಖ್ಯ ಆಧಾರಗಳಲ್ಲಿ ಒಂದಾಗಿತ್ತು. 1996ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವರ ಆದಾಯದ ಅರ್ಧದಷ್ಟು, ಕೆಲವೆಡೆ ಅದಕ್ಕೂ ಹೆಚ್ಚು, ಇಂಥ ಕಿರು ಉತ್ಪನ್ನಗಳಿಂದಲೇ ಬರುತ್ತಿತ್ತು. ಕಾಡಿನಲ್ಲಿ ನೆಲ್ಲಿಯ ಮರಗಳು ಕಡಿಮೆಯಾಗುತ್ತಿದ್ದುವು. ಕಾರಣವೇನು? ಸೋಲಿಗರು ಕಾಯಿ ಕಿತ್ತದ್ದರಿಂದ ಎಂಬುದು ತಟ್ಟನೆ ಹೊಳೆಯುವ ಉತ್ತರ. ಗಿಡದ ಅಂತಸ್ತಿನಲ್ಲಿ ನಿಂತವನಿಗೆ ಅದು ಸಹಜವೂ ಹೌದು: ಕಾಯಿ ಹೋದರೆ ಬೀಜವಿಲ್ಲ, ಬೀಜವಿಲ್ಲದಿದ್ದರೆ ಸಸಿಯಿಲ್ಲ.

ವರ್ಷಗಟ್ಟಲೆ ಮರಗಳಿಗೆ ಗುರುತು ಹಾಕಿ ಎಣಿಸಿದಾಗ ಚಿತ್ರ ಬೇರೆಯಾಯಿತು. ಕೊಯ್ಲೊಂದೇ ಕಾರಣವಾಗಿರಲಿಲ್ಲ. ನೆಲ್ಲಿಯ ಕೊಂಬೆಗಳ ಮೇಲೆ ಬೆಳೆದು ರಸ ಹೀರುವ ಬಂದಳಿಕೆ ಮರಗಳನ್ನು ಸೊರಗಿಸುತ್ತಿತ್ತು. ನೆಲದಲ್ಲಿ ಲಂಟಾನದ ಪೊದೆ ಹಬ್ಬಿ ಸಸಿಗಳನ್ನು ಮುಚ್ಚುತ್ತಿತ್ತು. 1997ರಿಂದ 2008ರ ಒಳಗೆ ಲಂಟಾನ ಕಾಣಿಸಿಕೊಳ್ಳುವ ಜಾಗಗಳು ಹೆಚ್ಚುಕಡಿಮೆ ಎರಡು ಪಟ್ಟಾದುವು. ಇದಕ್ಕೆ ಸೋಲಿಗರ ವಿವರಣೆ ಹೀಗಿತ್ತು: ಹಿಂದೆ ತಾವು ವರ್ಷದ ತಕ್ಕ ಕಾಲದಲ್ಲಿ ‘ತರಗು ಬೆಂಕಿ’ ಇಡುತ್ತಿದ್ದೆವು; ಒಣಗಿದ ಎಲೆ, ಹುಲ್ಲು ಮಾತ್ರ ಉರಿದು ಹೋಗುವ ಆ ಸಣ್ಣ ಬೆಂಕಿ ಲಂಟಾನವನ್ನೂ ಬಂದಳಿಕೆಯನ್ನೂ ಅಂಕೆಯಲ್ಲಿಡುತ್ತಿತ್ತು; 1974ರಲ್ಲಿ ಕಾಡು ಅಭಯಾರಣ್ಯವಾದ ಮೇಲೆ ಬೆಂಕಿ ನಿಂತಿತು, ಲಂಟಾನ ಬೆಳೆಯಿತು. ಏಟ್ರೀಯ ವಿಜ್ಞಾನಿಗಳು ಈ ಮಾತನ್ನು ಅಜ್ಞಾನಿಗಳ ಮಾತೆಂದು ತಳ್ಳದೆ, ಪರೀಕ್ಷೆಗೆ ಅರ್ಹವಾದ ಸಿದ್ಧಾಂತವೆಂದು ಸ್ವೀಕರಿಸಿ ಅಧ್ಯಯನ ಮಾಡಿದರು. ಕಾಡನ್ನು ಕಾಪಾಡಲು ಹಾಕಿದ ಕಟ್ಟಳೆಯೇ ಕಾಡಿನ ಒಂದು ಪೀಡೆಗೆ ದಾರಿಯಾಗಬಹುದೆಂಬ ಸಂಗತಿ ಸೂಕ್ಷ್ಮದರ್ಶಕದ ಕೆಳಗೆ ಕಾಣುವಂಥದಲ್ಲ. 2011ರಲ್ಲಿ ಆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು; ಅದೇ ವರ್ಷ ಸೋಲಿಗರಿಗೆ ಸಾಮುದಾಯಿಕ ಅರಣ್ಯ ಹಕ್ಕುಗಳೂ ದೊರೆತುವು.

ವರ್ಣತಂತು, ಹೂವು, ಕಾಡು, ಕಾಡಿನ ಜನ, ಆ ಜನರ ಪೇಟೆ, ಆ ಪೇಟೆಯನ್ನು ಕಟ್ಟಿಹಾಕುವ ಕಾನೂನು: ಒಬ್ಬ ಸಸ್ಯಶಾಸ್ತ್ರಜ್ಞರ ಜೀವನ ಹತ್ತಿದ ಮೆಟ್ಟಿಲುಗಳು ಇವು. 2012ರಲ್ಲಿ ನಾರ್ವೆ ದೇಶದ ಗುನ್ನೆರಸ್ ಪ್ರಶಸ್ತಿ ಮೊಟ್ಟಮೊದಲಿಗೆ ಅವರಿಗೆ ಸಂದಿತು. 2015ರಲ್ಲಿ ಅವರು ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ಮಾನಸನ್ಮಾನಗಳಿಗಿಂತ ನನಗೆ ಹೆಚ್ಚಿನದಾಗಿ ತೋರುವುದು, ಪ್ರತಿ ಮೆಟ್ಟಿಲಿನಲ್ಲಿಯೂ ಅವರು ಹಳೆಯ ಪ್ರಶ್ನೆಯನ್ನು ಕೆಳಗೆ ಬಿಟ್ಟು ಹೊಸದನ್ನು ಕೇಳಲು ಸಿದ್ಧರಾದದ್ದು. ಹೆಸರು ಮಾಡಿದ ವಿಷಯವನ್ನು ಬಿಟ್ಟು ವಿದ್ಯಾರ್ಥಿಯಾಗಿ ಮತ್ತೆ ಕೂರುವುದು ಸುಲಭವಲ್ಲ.

ಇನ್ನು ನನ್ನ ಕಥೆಯನ್ನು ಮುಗಿಸಬೇಕು. ಅಣ್ಣನ ಪ್ರಶ್ನೆಗೆ ಅಂದು ನಾನು ಕೊಟ್ಟದ್ದು ಪುಸ್ತಕದ ಉತ್ತರ. ಹೊಲದ ಮೂಲೆಯಲ್ಲಿ ಬೆಳ್ಳಗೆ ಉಪ್ಪು ಕಾಣಿಸಿಕೊಂಡಿತ್ತು. ನಮ್ಮ ಭಾಗದಲ್ಲಿ ಇಂಥ ನೆಲವನ್ನು ಸವಳು ಎನ್ನುತ್ತಾರೆ; ನೀರು ನಿಂತು ಕೆಟ್ಟದ್ದನ್ನು ಜವಳು ಎನ್ನುತ್ತಾರೆ. “ನೀರು ಹೆಚ್ಚು ಹಾಯಿಸು, ಉಪ್ಪು ತೊಳೆದು ಹೋಗುತ್ತದೆ” ಎಂದು ನಾನು ಹೇಳಿದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಉಪ್ಪು ಮಣ್ಣನ್ನು ಕುಂಡದಲ್ಲಿ ತುಂಬಿ, ನೀರು ಸುರಿದು ತೊಳೆದು, ಅದರಲ್ಲಿ ಜೋಳ ಮೊಳೆತದ್ದನ್ನು ನಾನೇ ಕಂಡಿದ್ದೆ. ಕಲಿತ ತಮ್ಮನ ಮಾತೆಂದು ಅಣ್ಣ ನಂಬಿದ. ಮೂರು ವರ್ಷಗಳಲ್ಲಿ ಮೂಲೆಯ ಬಿಳುಪು ಅರ್ಧ ಹೊಲಕ್ಕೆ ಹಬ್ಬಿತು. ಕಬ್ಬು ಮೊಣಕಾಲೆತ್ತರಕ್ಕೆ ಹಳದಿಯಾಗಿ ನಿಂತಿತು. ಮುಂದೆ ಅಲ್ಲಿ ಬಳ್ಳಾರಿ ಜಾಲಿ ಎದ್ದಿತು. ಅಣ್ಣ ಬೇರೆಯವರ ಹೊಲವನ್ನು ಲಾವಣಿಗೆ ಹಿಡಿದು ದುಡಿದ. ನನ್ನನ್ನು ಅವನು ಒಂದು ಮಾತೂ ಅನ್ನಲಿಲ್ಲ.

ತಪ್ಪು ಎಲ್ಲಿತ್ತು? ಕುಂಡದ ತಳದಲ್ಲಿ ತೂತಿತ್ತು. ಹೊಲದ ತಳದಲ್ಲಿ ಇರಲಿಲ್ಲ. ಎರೆಮಣ್ಣು ಜಿಗುಟು; ನೀರನ್ನು ಕೆಳಕ್ಕೆ ಸುಲಭವಾಗಿ ಬಿಡದು. ಹಾಯಿಸಿದ ನೀರು ಒಳಗೇ ನಿಂತು ಅಂತರ್ಜಲದ ಮಟ್ಟವನ್ನು ಏರಿಸುತ್ತದೆ. ಅದು ನೆಲದಿಂದ ಒಂದೆರಡು ಮೀಟರಿನಷ್ಟು ಸಮೀಪಕ್ಕೆ ಬಂದಾಗ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ನೀರು ಮೇಲೇರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ತಂದ ಉಪ್ಪು ಮೇಲೆ ಉಳಿಯುತ್ತದೆ. ನಾನು ಹೇಳಿದ ಮದ್ದೇ ರೋಗವನ್ನು ಬೆಳೆಸಿತ್ತು.

ಇಷ್ಟೇ ಅಲ್ಲ. ನಮ್ಮ ಹೊಲ ಇಳಿಜಾರಿನ ಕೆಳಗಿತ್ತು. ಮೇಲಿನ ಹತ್ತು ಹೊಲಗಳಿಗೆ ಎತ್ತಿ ಹಾಯಿಸಿದ ನೀರು ಒಳಗೊಳಗೇ ಜಿನುಗಿ ನಮ್ಮಲ್ಲಿಗೆ ಬರುತ್ತಿತ್ತು. ಆ ಹತ್ತು ಮಂದಿಯೂ ಕಬ್ಬನ್ನೇ ಬೆಳೆದದ್ದು ಏಕೆ? ವರ್ಷ ಕಳೆದರೂ ಹೊಲದಲ್ಲಿ ನಿಂತಿರುವ, ನೀರನ್ನು ಬಹಳ ಬೇಡುವ ಬೆಳೆ ಅದು ನಿಜ. ಆದರೆ ಕೊಳ್ಳುವ ಕಾರ್ಖಾನೆ ಹತ್ತಿರವಿದೆ. ಉಗಾರದಲ್ಲಿ 1939ರ ಸುಮಾರಿನಿಂದಲೇ ಸಕ್ಕರೆಯ ಉದ್ಯಮವಿದೆ. ಗಿಡ, ಹೊಲ, ಇಳಿಜಾರು, ಪೇಟೆ ಎಂಬ ಒಂದೊಂದು ಅಂತಸ್ತಿನಲ್ಲಿಯೂ ಉತ್ತರ ಬೇರೆ ಬೇರೆ. ನಾನು ಕುಂಡದ ಅಂತಸ್ತಿನಲ್ಲಿ ನಿಂತು ಇಳಿಜಾರಿಗೆ ತೀರ್ಪು ಕೊಟ್ಟಿದ್ದೆ.

ನಮ್ಮ ಐದು ತಾಲ್ಲೂಕುಗಳೇ ಇಂಥ ಅಭ್ಯಾಸಕ್ಕೆ ಒಂದು ದೊಡ್ಡ ಪಾಠಶಾಲೆ. ಸಹ್ಯಾದ್ರಿಗೆ ಸಮೀಪವಾದ ನಿಪ್ಪಾಣಿಯಲ್ಲಿ ಮಳೆ ಚೆನ್ನಾಗಿದೆ. ನೂರು ಕಿಲೋಮೀಟರಿನೊಳಗೆ ಅಥಣಿಯ ಪೂರ್ವ ಭಾಗಕ್ಕೆ ಬರುವಷ್ಟರಲ್ಲಿ ಅದು ಬಹಳ ಇಳಿದು ಬರದ ಸೀಮೆಯಾಗುತ್ತದೆ. ನಡುವೆ ವೇದಗಂಗೆ, ದೂಧಗಂಗೆಗಳನ್ನು ಕೂಡಿಕೊಂಡ ಕೃಷ್ಣೆ ಚಿಕ್ಕೋಡಿಯ ಯಡೂರಿನ ಬಳಿಯಿಂದ ಇಳಿದು, ಒಂದು ದಂಡೆಯಲ್ಲಿ ರಾಯಬಾಗವನ್ನೂ ಇನ್ನೊಂದು ದಂಡೆಯಲ್ಲಿ ಕಾಗವಾಡ, ಅಥಣಿಗಳನ್ನೂ ಇಟ್ಟುಕೊಂಡು ಹರಿಯುತ್ತಾಳೆ. 2005ರಲ್ಲಿ, ಮತ್ತೆ 2019ರಲ್ಲಿ ಈ ದಂಡೆಗಳು ಮುಳುಗಿದಾಗ, ಆ ನೀರಿನ ಬಹುಪಾಲು ಬಂದದ್ದು ನಮ್ಮ ಮಳೆಯಿಂದಲ್ಲ, ಪಶ್ಚಿಮದ ಘಟ್ಟದ ಮಳೆಯಿಂದ. ಒಂದೇ ತಾಲ್ಲೂಕಿನಲ್ಲಿ ನದಿಯ ಕಡೆ ಜವಳು, ಆಚೆ ಬರ. ಎರಡೂ ಒಂದೇ ನೀರಿನ ಕಥೆಯ ಎರಡು ಅಧ್ಯಾಯಗಳು.

ಸವಳು ನೆಲಕ್ಕೆ ಮದ್ದಿಲ್ಲವೆಂದಲ್ಲ. ನೆಲದೊಳಗೆ ತೂತುಗಳುಳ್ಳ ಕೊಳವೆಗಳನ್ನು ಹೂತು, ಉಪ್ಪು ನೀರನ್ನು ಬಸಿದು ಹೊರಗೆ ಹರಿಸುವ ಪದ್ಧತಿಯಿದೆ. ನಮ್ಮ ಕೃಷ್ಣೆಯ ದಂಡೆಯಲ್ಲಿಯೂ ಅದು ನಡೆದಿದೆ. ಕುಂಡಕ್ಕಿದ್ದ ತೂತನ್ನು ಹೊಲಕ್ಕೆ ಕೊಡುವ ಉಪಾಯವೇ ಅದು. ಆದರೆ ಒಬ್ಬನ ಕೊಳವೆ ನೆರೆಯವನ ಹೊಲವನ್ನು ದಾಟಿಯೇ ಹಳ್ಳ ಸೇರಬೇಕು. ಮೇಲಿನವನು ನೀರನ್ನು ಮಿತವಾಗಿ ಹಾಯಿಸಲೂ ಬೇಕು. ಮದ್ದು ಒಂದು ಹೊಲದ್ದಲ್ಲ, ಊರಿನದು.

ನಮ್ಮ ಭಾಗದ ಕಾಲೇಜುಗಳಲ್ಲಿ ಇಂದು ಸಸ್ಯಶಾಸ್ತ್ರ ಓದುವ ಹುಡುಗ ಹುಡುಗಿಯರಿಗೆ ಒಂದು ಮಾತು. ಮುದುಮಲೈ ಕಾಡಿನಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರ್ ಜಾಗವನ್ನು ಗುರುತಿಸಿ, ಅದರಲ್ಲಿಯ ಮರಮರಕ್ಕೂ ಅಂಕಿ ಕಟ್ಟಿ, ದಶಕಗಳ ಕಾಲ ಲೆಕ್ಕ ಇಟ್ಟರು. ನಿಧಾನವಾಗಿ ಬದಲಾಗುವುದನ್ನು ತಿಳಿಯಲು ನಿಧಾನವಾಗಿ ನೋಡುವುದೊಂದೇ ಉಪಾಯ. ಅಷ್ಟು ದೊಡ್ಡ ಕೆಲಸ ಎಲ್ಲರಿಂದಲೂ ಆಗದು. ನಿಮ್ಮ ಊರಿನ ಒಂದು ಬಾವಿಯ ನೀರಿನ ಮಟ್ಟವನ್ನು ಹದಿನೈದು ದಿನಕ್ಕೊಮ್ಮೆ ಅಳೆದು ಬರೆಯಿರಿ. ಒಂದು ಹೊಲದ ಬದುವಿನಲ್ಲಿ ಪ್ರತಿ ವರ್ಷ ಯಾವ ಗಿಡ ಹೊಸದಾಗಿ ಬಂತು, ಯಾವುದು ಹೋಯಿತು ಎಂದು ಗುರುತಿಸಿ. ಹತ್ತು ವರ್ಷಗಳ ಅಂಥ ವಹಿ ನನ್ನಲ್ಲಿದ್ದಿದ್ದರೆ ಅಣ್ಣನಿಗೆ ನಾನು ಬೇರೆ ಉತ್ತರ ಕೊಡುತ್ತಿದ್ದೆ.

ಕ್ರೆಸ್ಸಾಕ್ಕೆ ಆಯುರ್ವೇದದಲ್ಲಿ ರುದಂತಿ ಎಂದು ಹೆಸರು, ಎಂದರೆ ಅಳುವವಳು. ಬೇರು ಹೀರಿದ ಉಪ್ಪನ್ನು ಅದು ಎಲೆಗಳಿಂದ ಹನಿಹನಿಯಾಗಿ ಹೊರಹಾಕುತ್ತದೆ. ಲ್ಯಾಟಿನ್ ಹೆಸರನ್ನು ಬಾಯಿಪಾಠ ಮಾಡಿದ್ದ ನನಗೆ ಈ ಹೆಸರು ಗೊತ್ತಾದದ್ದು ಬಹಳ ತಡವಾಗಿ.

ಸಸ್ಯಸಂಗ್ರಹಗಳಲ್ಲಿ ಒಂದು ಸಂಪ್ರದಾಯವಿದೆ. ಮೊದಲಿನ ಚೀಟಿ ತಪ್ಪಾಗಿದ್ದರೆ, ಇಲ್ಲವೆ ಅಪೂರ್ಣವಾಗಿದ್ದರೆ, ಅದನ್ನು ಕಿತ್ತುಹಾಕುವುದಿಲ್ಲ. ಪಕ್ಕದಲ್ಲಿ ಎರಡನೆಯ ಚೀಟಿಯನ್ನು ಅಂಟಿಸುತ್ತಾರೆ. ನಿವೃತ್ತನಾದ ಮೇಲೆ ಒಂದು ದಿನ ನಾನೂ ಹಾಗೆ ಮಾಡಿದೆ. ಅದರಲ್ಲಿ ಬರೆದದ್ದು ಇಷ್ಟು: “ಮೇಲಿನ ಹೊಲಗಳಿಗೆ ಕಬ್ಬಿನ ನೀರು ಹರಿಯತೊಡಗಿದ ಮೇಲೆ ಬಂದ ಗಿಡ. ಬಾವಿಯ ನೀರು ಮೇಲೇರಿತ್ತು. ಬಸಿದು ಹೋಗಲು ದಾರಿಯಿರಲಿಲ್ಲ.” ಅಣ್ಣ ಕೇಳಿದ ಪ್ರಶ್ನೆಗೆ ಅದು ಉತ್ತರ. ಓದಿ ಹೇಳಲು ಅಷ್ಟು ಹೊತ್ತಿಗೆ ಅವನು ಇರಲಿಲ್ಲ.